ಗುಂಡಿಗಳು ಹದಿನಾರು, ದಾರಿಗಳು ಹನ್ನೆರಡು

ಪದವಿ ತರಗತಿಯ ಮೂವರು ವಿದ್ಯಾರ್ಥಿಗಳು ನಮ್ಮ ವಿಜ್ಞಾನ ಸಂವಾದಕ್ಕೆ ಒಂದು ಪ್ರಶ್ನೆ ಕಳುಹಿಸಿದ್ದರು. ಕಾಲೇಜಿನ ವಸ್ತುಪ್ರದರ್ಶನಕ್ಕೆಂದು ಅವರು ಹಳೆಯ ಕಾಲದ ವಿಡಿಯೋ ಆಟದ ಪೆಟ್ಟಿಗೆಯೊಂದನ್ನು ತಾವೇ ಕಟ್ಟುತ್ತಿದ್ದಾರೆ. ಪ್ಲೈವುಡ್ ಕೊಯ್ದಾಗಿದೆ, ಹಳೆಯ ಕಂಪ್ಯೂಟರೊಂದು ಒಳಗೆ ಕುಳಿತಿದೆ, ಜಾಯ್‌ಸ್ಟಿಕ್ಕೂ ಬಣ್ಣಬಣ್ಣದ ಗುಂಡಿಗಳೂ ಬಂದಿವೆ. ತೊಡಕು ಒಂದೇ. ಗುಂಡಿಗಳನ್ನು ಕಂಪ್ಯೂಟರಿಗೆ ಜೋಡಿಸುವ ಎನ್‌ಕೋಡರ್ ಎಂಬ ಪುಟ್ಟ ಬೋರ್ಡಿನಲ್ಲಿ, ಜಾಯ್‌ಸ್ಟಿಕ್ಕಿನ ನಾಲ್ಕು ದಿಕ್ಕುಗಳನ್ನು ಬಿಟ್ಟರೆ, ಹನ್ನೆರಡು ಗುಂಡಿಗಳಿಗೆ ಮಾತ್ರ ಜಾಗವಿದೆ. ಅವರಿಗೆ ಬೇಕಾಗಿರುವುದು ಹದಿನಾರು. ‘ಉಳಿದ ನಾಲ್ಕನ್ನು ಹೇಗೆ ಸೇರಿಸುವುದು? ಎರಡು ತಂತಿಗಳನ್ನು ಒಂದೇ ಕಡೆ ಬೆಸುಗೆ ಹಾಕಬಹುದೆ?’ ಎಂದು ಕೇಳಿದ್ದಾರೆ.

ಅಂದಿನ ಕಾರ್ಯಕ್ರಮದಲ್ಲಿ ಎರಡು ಮಾತು ಹೇಳುವಷ್ಟರಲ್ಲಿ ಸಮಯ ಮುಗಿಯಿತು. ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬಹುದು. ಏಕೆಂದರೆ ಇದು ಆಟದ ಪೆಟ್ಟಿಗೆಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. ನಿಮ್ಮ ಕಂಪ್ಯೂಟರಿನ ಕೀಲಿಮಣೆ, ದೂರವಾಣಿಯ ಅಂಕಿಗಳು, ಮತಯಂತ್ರ, ರಸಪ್ರಶ್ನೆಯ ಬಜರ್ ಎಲ್ಲದರಲ್ಲೂ ಇದೇ ಪ್ರಶ್ನೆ ಅಡಗಿದೆ. ಅದನ್ನು ಅಸಡ್ಡೆಯಿಂದ ಬಿಡಿಸಿದರೆ ಏನಾಗುತ್ತದೆ ಎಂಬುದಕ್ಕೆ ನನ್ನದೇ ಒಂದು ಪೇಚಿನ ಕಥೆಯಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಎನ್‌ಕೋಡರ್ ಮಾಡುವ ಕೆಲಸ

ಗುಂಡಿಯೆಂದರೆ ಒಂದು ಸ್ವಿಚ್ಚು, ಅಷ್ಟೆ. ಒತ್ತಿದಾಗ ಎರಡು ಲೋಹದ ತುಂಡುಗಳು ತಾಗುತ್ತವೆ, ಬಿಟ್ಟಾಗ ದೂರವಾಗುತ್ತವೆ. ಒಂದು ತುಂಡಿಗೆ ಗ್ರೌಂಡ್ ತಂತಿ, ಅಂದರೆ ಸೊನ್ನೆ ವೋಲ್ಟಿನ ತಂತಿ, ಜೋಡಿಸಿರುತ್ತದೆ. ಇದು ಎಲ್ಲ ಗುಂಡಿಗಳಿಗೂ ಸಮಾನ. ಇನ್ನೊಂದು ತುಂಡಿನಿಂದ ಹೊರಟ ತಂತಿ ಎನ್‌ಕೋಡರಿನ ಒಂದು ಒಳದಾರಿಗೆ ಹೋಗುತ್ತದೆ. ಆ ಒಳದಾರಿಯನ್ನು ಬೋರ್ಡಿನೊಳಗಿನ ಒಂದು ರೋಧಕವು ಮೇಲಕ್ಕೆ, ಎಂದರೆ 5 ವೋಲ್ಟ್ ಅಥವಾ 3.3 ವೋಲ್ಟಿಗೆ, ಎಳೆದು ಹಿಡಿದಿರುತ್ತದೆ. ಗುಂಡಿ ಒತ್ತಿದಾಗ ಒಳದಾರಿ ನೇರವಾಗಿ ಗ್ರೌಂಡಿಗೆ ತಾಗಿ ಸೊನ್ನೆಗೆ ಇಳಿಯುತ್ತದೆ. ‘ಇಳಿದಿದೆ, ಹಾಗಾದರೆ ಒತ್ತಿದ್ದಾರೆ’ ಎಂದು ಬೋರ್ಡಿನ ಚಿಪ್ ತಿಳಿಯುತ್ತದೆ. ಹೀಗೆ ಹನ್ನೆರಡೂ ದಾರಿಗಳನ್ನು ನೋಡಿ, ಹೌದು-ಅಲ್ಲಗಳ ಪಟ್ಟಿಯೊಂದನ್ನು ಯುಎಸ್‌ಬಿ ತಂತಿಯ ಮೂಲಕ ಕಂಪ್ಯೂಟರಿಗೆ ಕಳುಹಿಸುತ್ತದೆ. ಕಳುಹಿಸಿದ ಮೇಲೆ ಮತ್ತೆ ನೋಡುತ್ತದೆ. ಇಷ್ಟೇ ಅದರ ಬದುಕು.

ಇಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಿ. ಲೋಹದ ತುಂಡುಗಳು ಒಮ್ಮೆಗೇ ತಾಗಿ ನಿಲ್ಲುವುದಿಲ್ಲ. ನೆಲಕ್ಕೆ ಬಿದ್ದ ಚೆಂಡಿನಂತೆ ಕೆಲವು ಬಾರಿ ಪುಟಿದು ಆಮೇಲೆ ನಿಲ್ಲುತ್ತವೆ. ಈ ಪುಟಿತ ಕೆಲವು ಮಿಲಿಸೆಕೆಂಡುಗಳಲ್ಲಿ ಮುಗಿಯುತ್ತದೆ. ಆದರೆ ಚಿಪ್ಪಿಗೆ ಅದು ಹತ್ತಾರು ಬಾರಿ ಒತ್ತಿದಂತೆ ಕಾಣಬಹುದು. ಆದ್ದರಿಂದ ಅದು ತುಸು ಕಾದು, ಸ್ಥಿತಿ ನಿಂತಿದೆಯೆಂದು ಖಚಿತವಾದ ಮೇಲೆ ಒಪ್ಪಿಕೊಳ್ಳುತ್ತದೆ. ಅಂಗಡಿಗಳಲ್ಲಿ ‘ಜೀರೋ ಡಿಲೇ’ ಎಂಬ ಹೆಸರಿನ ಎನ್‌ಕೋಡರುಗಳು ಸಿಗುತ್ತವೆ. ವಿಳಂಬವೇ ಇಲ್ಲದ ಬೋರ್ಡು ಯಾವುದೂ ಇಲ್ಲ. ಆ ಹೆಸರನ್ನು ವ್ಯಾಪಾರಿಯ ಮಾತು ಎಂದಷ್ಟೇ ತೆಗೆದುಕೊಳ್ಳಿ.

ಒಂದು ಗುಂಡಿಗೆ ಒಂದು ದಾರಿ ಎಂಬ ಈ ವ್ಯವಸ್ಥೆಯಲ್ಲಿ ಒಂದು ದೊಡ್ಡ ಗುಣವಿದೆ. ಹನ್ನೆರಡನ್ನೂ ಒಟ್ಟಿಗೆ ಒತ್ತಿದರೂ ಹನ್ನೆರಡೂ ಬೇರೆಬೇರೆಯಾಗಿ ತಿಳಿಯುತ್ತವೆ. ಹೆಚ್ಚಿನ ಗುಂಡಿಗಳನ್ನು ತೂರಿಸಲು ನಾವು ಮಾಡುವ ಪ್ರತಿಯೊಂದು ಉಪಾಯವೂ ಈ ಗುಣಕ್ಕೇ ಕೈ ಹಾಕುತ್ತದೆ. ಆದ್ದರಿಂದ ತಂತಿ ಮುಟ್ಟುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ‘ಎಷ್ಟು ಗುಂಡಿಗಳು?’ ಎಂಬುದಲ್ಲ. ‘ಯಾವ ಯಾವ ಗುಂಡಿಗಳನ್ನು ಒಟ್ಟಿಗೆ ಒತ್ತುತ್ತಾರೆ?’ ಎಂಬುದು.

ಆರ್ಕೇಡ್ ಯಂತ್ರಗಳಿಗೇ ಒದಗಿದ ಕೊರತೆ

ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರಗಳ ತಯಾರಕರೂ ಈ ಕೊರತೆಯನ್ನು ಎದುರಿಸಿದವರೇ. 1985ರಲ್ಲಿ ಜಪಾನಿನ ಯಂತ್ರ ತಯಾರಕರ ಸಂಘವು ಒಂದು ಸಮಾನ ಜೋಡಣೆಯನ್ನು ಗೊತ್ತುಪಡಿಸಿತು. ಸಂಘದ ಹೆಸರಿನ ಮೊದಲಕ್ಷರಗಳಿಂದ ಅದಕ್ಕೆ ‘ಜಾಮಾ’ ಎಂಬ ಹೆಸರು ಬಂತು. ಒಂದು ಬದಿಗೆ 28ರಂತೆ ಎರಡು ಬದಿಗೆ 56 ಸಂಪರ್ಕಗಳು. ವಿದ್ಯುತ್ತು, ಚಿತ್ರ, ಧ್ವನಿ, ನಾಣ್ಯ, ಇಬ್ಬರು ಆಟಗಾರರ ಜಾಯ್‌ಸ್ಟಿಕ್ಕು ಎಲ್ಲವೂ ಅದರಲ್ಲೇ. ಆಟ ಹಳತಾದರೆ ಪೆಟ್ಟಿಗೆಯನ್ನು ಎಸೆಯಬೇಕಾಗಿಲ್ಲ. ಒಳಗಿನ ಬೋರ್ಡನ್ನು ಕಿತ್ತು ಬೇರೊಂದನ್ನು ಸಿಕ್ಕಿಸಿದರಾಯಿತು. ಗುಂಡಿಗಳಿಗೆಂದು ಅದರಲ್ಲಿ ಒಬ್ಬ ಆಟಗಾರನಿಗೆ ಗೊತ್ತುಪಡಿಸಿದ್ದು ಮೂರು ದಾರಿಗಳು. ಆಗ ಅದು ಸಾಕಾಗಿತ್ತು.

1991ರಲ್ಲಿ ಕ್ಯಾಪ್‌ಕಾಮ್ ಕಂಪನಿಯ ‘ಸ್ಟ್ರೀಟ್ ಫೈಟರ್ 2’ ಬಂತು. ಅದರಲ್ಲಿ ಒಬ್ಬನಿಗೆ ಆರು ಗುಂಡಿಗಳು: ಮೂರು ಬಗೆಯ ಗುದ್ದು, ಮೂರು ಬಗೆಯ ಒದೆತ. ಗುದ್ದುಗಳು ಜಾಮಾ ಜೋಡಣೆಯಲ್ಲಿ ಹೋದವು. ಒದೆತಗಳಿಗೆ ಜಾಗವಿರಲಿಲ್ಲ. ಕಂಪನಿ ಬೋರ್ಡಿನ ಮೇಲೆ ಬೇರೊಂದು ಪುಟ್ಟ ಜೋಡಣೆ ಇಟ್ಟು, ಅಲ್ಲಿಂದ ಪ್ರತ್ಯೇಕ ತಂತಿಗಳ ಕಟ್ಟನ್ನು ಎಳೆಯಿತು. ಯಂತ್ರ ದುರಸ್ತಿ ಮಾಡುವವರು ಅದನ್ನು ‘ಕಿಕ್ ಹಾರ್ನೆಸ್’ ಎಂದೇ ಕರೆದರು. ಜಾಣತನದ ಉಪಾಯವೇನೂ ಅಲ್ಲ, ಆದರೆ ಸರಿಯಾದ ಉಪಾಯ. ಆ ಆಟದಲ್ಲಿ ಗುಂಡಿಗಳನ್ನು ಒಟ್ಟಿಗೆ ಒತ್ತುವುದು ಆಟದ ಭಾಗವೇ ಆಗಿರುವುದರಿಂದ, ಇದ್ದ ಮೂರು ದಾರಿಗಳಲ್ಲಿ ಆರನ್ನು ತುರುಕಲು ಹೋಗಿದ್ದರೆ ಆಟವೇ ಕೆಡುತ್ತಿತ್ತು.

ಇದಕ್ಕೆ ಪೂರ್ತಿ ವಿರುದ್ಧವಾದ ಉದಾಹರಣೆ ನಮ್ಮ ಬೆಂಗಳೂರಿನಲ್ಲೇ ಇದೆ. ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ತಯಾರಿಸುವ ಮತಯಂತ್ರದ ಒಂದು ಘಟಕದಲ್ಲಿ 16 ಅಭ್ಯರ್ಥಿಗಳ ಗುಂಡಿಗಳಿರುತ್ತವೆ. ಅಭ್ಯರ್ಥಿಗಳು ಹೆಚ್ಚಾದರೆ ಘಟಕಗಳನ್ನು ಒಂದಕ್ಕೊಂದು ಜೋಡಿಸುತ್ತಾರೆ. ಹಿಂದಿನ ಎರಡನೆಯ ಮಾದರಿಯಲ್ಲಿ ನಾಲ್ಕು ಘಟಕಗಳವರೆಗೆ, ಮೂರನೆಯ ಮಾದರಿಯಲ್ಲಿ 24ರವರೆಗೆ ಜೋಡಿಸಬಹುದು. 2019ರ ಲೋಕಸಭಾ ಚುನಾವಣೆಯಲ್ಲಿ ತೆಲಂಗಾಣದ ನಿಜಾಮಾಬಾದಿನಲ್ಲಿ 185 ಮಂದಿ ಕಣದಲ್ಲಿದ್ದಾಗ ಪ್ರತಿ ಮತಗಟ್ಟೆಯಲ್ಲೂ 12 ಘಟಕಗಳನ್ನು ಸಾಲಾಗಿ ಇಡಬೇಕಾಯಿತು. ಗುಂಡಿಗಳು ಎಷ್ಟೇ ಇರಲಿ, ಅಲ್ಲಿ ಒಮ್ಮೆಗೆ ಒಂದೇ ಒತ್ತು ಲೆಕ್ಕಕ್ಕೆ ಬರಬೇಕು. ಆಟದ ಪೆಟ್ಟಿಗೆಯಲ್ಲಿ ಹಾಗಲ್ಲ, ಹಾರುತ್ತಲೇ ಗುದ್ದಬೇಕು. ಗುಂಡಿ ಹೆಚ್ಚಿಸುವ ದಾರಿ ಎರಡು ಕಡೆಯೂ ಒಂದೇ ಆಗಲಾರದು.

ಇನ್ನು ಪ್ರಶ್ನೆ ಕಳುಹಿಸಿದವರ ಪಟ್ಟಿಗೆ ಬರೋಣ. ಹದಿನಾರರಲ್ಲಿ ಎಂಟು ಆಟದ ಗುಂಡಿಗಳು. ಉಳಿದ ಎಂಟು: ನಾಣ್ಯ, ಆರಂಭ, ವಿರಾಮ, ಪಟ್ಟಿ, ಆಯ್ಕೆ, ಶಬ್ದ ಹೆಚ್ಚು, ಶಬ್ದ ಕಡಿಮೆ, ನಿರ್ಗಮನ. ಈ ಪಟ್ಟಿಯನ್ನು ಓದಿದ ಕೂಡಲೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ. ಮೊದಲ ಎಂಟನ್ನು ಯಾವಾಗ, ಯಾವುದರೊಂದಿಗೆ ಒತ್ತುತ್ತಾರೆಂದು ಹೇಳಲಾಗದು. ಎರಡನೆಯ ಎಂಟನ್ನು ಒಟ್ಟೊಟ್ಟಿಗೆ ಒತ್ತುವ ಪ್ರಸಂಗವೇ ಇಲ್ಲ. ಆದ್ದರಿಂದ ಆಟದ ಎಂಟಕ್ಕೆ ಎಂಟು ದಾರಿಗಳನ್ನು ಮೀಸಲಿಡಿ; ಅವುಗಳ ತಂಟೆಗೆ ಹೋಗಬೇಡಿ. ಉಳಿದ ನಾಲ್ಕು ದಾರಿಗಳಲ್ಲಿ ಎಂಟು ಗುಂಡಿಗಳನ್ನು ಕೂರಿಸಬೇಕು.

ನಾಲ್ಕು ದಾರಿ, ಹದಿನೈದು ಸಂಕೇತ

ದ್ವಿಮಾನ ಪದ್ಧತಿಯನ್ನು ನೆನಪಿಸಿಕೊಳ್ಳಿ. ನಾಲ್ಕು ದಾರಿಗಳಿಗೆ 1, 2, 4, 8 ಎಂದು ಬೆಲೆ ಕೊಡೋಣ. ಯಾವುದೂ ಇಳಿಯದಿದ್ದರೆ ಸೊನ್ನೆ, ಎಲ್ಲವೂ ಇಳಿದರೆ 15. ಅಂದರೆ ಏನೂ ಒತ್ತದ ಸ್ಥಿತಿಯನ್ನು ಬಿಟ್ಟು ಹದಿನೈದು ಬೇರೆಬೇರೆ ಸಂಕೇತಗಳು ಸಿಗುತ್ತವೆ. ನಮಗೆ ಬೇಕಾದದ್ದು ಎಂಟೇ. ನಾಲ್ಕು ಗುಂಡಿಗಳು ಒಂದೊಂದೇ ದಾರಿಯನ್ನು ಇಳಿಸಲಿ. ಇನ್ನು ನಾಲ್ಕು ಗುಂಡಿಗಳು ಎರಡೆರಡು ದಾರಿಗಳನ್ನು ಒಟ್ಟಿಗೆ ಇಳಿಸಲಿ. ನಾಲ್ಕು ದಾರಿಗಳಿಂದ ಆರು ಜೋಡಿಗಳನ್ನು ಮಾಡಬಹುದು. ಅವುಗಳಲ್ಲಿ ನಾಲ್ಕನ್ನು ಆರಿಸಿಕೊಂಡರಾಯಿತು.

ಒಂದು ಗುಂಡಿ ಎರಡು ದಾರಿಗಳನ್ನು ಇಳಿಸುವುದು ಹೇಗೆ? ಎರಡೂ ದಾರಿಗಳ ತಂತಿಗಳನ್ನು ತಂದು ಆ ಗುಂಡಿಗೆ ಬೆಸುಗೆ ಹಾಕೋಣ ಎನ್ನುವಿರಿ. ಇದೇ ಎಲ್ಲರೂ ಮೊದಲು ಮಾಡುವ ತಪ್ಪು. ಹಾಗೆ ಮಾಡಿದ ಗಳಿಗೆಯಿಂದ ಆ ಎರಡು ದಾರಿಗಳು ಎರಡಾಗಿ ಉಳಿಯುವುದಿಲ್ಲ, ಒಂದೇ ತಂತಿಯಾಗಿಬಿಡುತ್ತವೆ. ಒಂದನೆಯ ದಾರಿಯ ಗುಂಡಿಯನ್ನು ಒತ್ತಿದರೆ ಎರಡನೆಯದೂ ಇಳಿಯುತ್ತದೆ. ಹೆಚ್ಚಿಸಲು ಹೋಗಿ ಇದ್ದದ್ದನ್ನೂ ಕಳೆದುಕೊಂಡಂತೆ.

ಇಲ್ಲಿ ಡಯೋಡ್ ಬೇಕು. ಡಯೋಡ್ ವಿದ್ಯುತ್ತಿಗೆ ಏಕಮುಖ ರಸ್ತೆ ಎಂದು ನೀವು ಪಾಠದಲ್ಲಿ ಓದಿದ್ದೀರಿ. ಅದರ ಆನೋಡ್ ತುದಿಯನ್ನು ಎನ್‌ಕೋಡರಿನ ದಾರಿಗೂ, ಪಟ್ಟೆ ಬಳಿದಿರುವ ಕ್ಯಾಥೋಡ್ ತುದಿಯನ್ನು ಗುಂಡಿಗೂ ಜೋಡಿಸಬೇಕು. ಪ್ರತಿ ಜೋಡಿ ಗುಂಡಿಗೆ ಇಂತಹ ಎರಡು ಡಯೋಡುಗಳು. ಎರಡರ ಪಟ್ಟೆಯ ತುದಿಗಳೂ ಗುಂಡಿಯ ಒಂದೇ ಕಾಲಿಗೆ. ಗುಂಡಿಯ ಇನ್ನೊಂದು ಕಾಲು ಎಂದಿನಂತೆ ಗ್ರೌಂಡಿಗೆ. ಗುಂಡಿ ಒತ್ತಿದಾಗ ಎರಡೂ ದಾರಿಗಳಿಂದ ವಿದ್ಯುತ್ತು ಡಯೋಡುಗಳ ಮೂಲಕ ಗ್ರೌಂಡಿಗೆ ಹರಿದು ಎರಡೂ ಇಳಿಯುತ್ತವೆ. ಒಂದನೆಯ ದಾರಿಯ ಸ್ವಂತ ಗುಂಡಿಯನ್ನಷ್ಟೇ ಒತ್ತಿದಾಗ, ಎರಡನೆಯ ದಾರಿಯಿಂದ ಅತ್ತ ಹೋಗಬೇಕಾದ ವಿದ್ಯುತ್ತಿಗೆ ಒಂದು ಡಯೋಡನ್ನು ಹಿಂದುಮುಂದಾಗಿ ದಾಟಬೇಕಾಗುತ್ತದೆ. ದಾಟಲಾರದು. ದಾರಿಗಳು ಬೇರೆಬೇರೆಯಾಗಿಯೇ ಉಳಿಯುತ್ತವೆ. ಒಂದೊಂದೇ ದಾರಿಯ ಗುಂಡಿಗಳಿಗೆ ಡಯೋಡ್ ಬೇಡ. ಹಾಗಾಗಿ ನಾಲ್ಕು ಜೋಡಿ ಗುಂಡಿಗಳಿಗೆ ಒಟ್ಟು ಎಂಟು ಡಯೋಡುಗಳು ಸಾಕು. 1ಎನ್4148 ಎಂದು ಕೇಳಿದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ನಿಮ್ಮೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಾಗಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ.

ಒಂದು ಎಚ್ಚರಿಕೆ. ಡಯೋಡ್ ಪುಕ್ಕಟೆ ದಾರಿ ಬಿಡುವುದಿಲ್ಲ, ಸುಮಾರು 0.6 ವೋಲ್ಟಿನ ಸುಂಕ ತೆಗೆದುಕೊಳ್ಳುತ್ತದೆ. ಅಂದರೆ ದಾರಿ ಪೂರ್ತಿ ಸೊನ್ನೆಗೆ ಇಳಿಯದೆ 0.6 ವೋಲ್ಟಿನಲ್ಲಿ ನಿಲ್ಲುತ್ತದೆ. 5 ವೋಲ್ಟಿನ ಹಲವು ಚಿಪ್ಪುಗಳು ಸುಮಾರು 1.5 ವೋಲ್ಟಿಗಿಂತ ಕೆಳಗಿರುವುದನ್ನೆಲ್ಲ ಸೊನ್ನೆಯೆಂದೇ ಓದುತ್ತವೆ, ತೊಂದರೆಯಿಲ್ಲ. ಕೆಲವು ಬಗೆಯವು 0.8 ವೋಲ್ಟಿಗಿಂತ ಕೆಳಗೆ ಬೇಕೆನ್ನುತ್ತವೆ. ಅಲ್ಲಿ ಅಂತರ ಕೂದಲೆಳೆಯಷ್ಟು. ಗುಂಡಿ ಒಮ್ಮೆ ಕೆಲಸ ಮಾಡಿ ಒಮ್ಮೆ ಮಾಡದಿದ್ದರೆ ಬೆಸುಗೆಯನ್ನು ಬೈಯುವ ಮೊದಲು ಮೀಟರ್ ಹಿಡಿದು ಅಳೆಯಿರಿ. ಶಾಟ್ಕಿ ಎಂಬ ಬಗೆಯ ಡಯೋಡ್ ಹಾಕಿದರೆ ಸುಂಕ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ.

ಬೋರ್ಡಿನ ಮಟ್ಟಿಗೆ ಕೆಲಸ ಮುಗಿಯಿತು, ಕಂಪ್ಯೂಟರಿಗೆ ಹೇಳುವುದು ಬಾಕಿ. ಹಳೆಯ ಆರ್ಕೇಡ್ ಆಟಗಳನ್ನು ಕಂಪ್ಯೂಟರಿನಲ್ಲಿ ನಡೆಸಲು ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರಲ್ಲಿ ಆರಂಭಿಸಿದ ‘ಮೇಮ್’ ಎಂಬ ತಂತ್ರಾಂಶದಲ್ಲಿ ‘ಇದೂ ಅದೂ ಒಟ್ಟಿಗೆ’, ‘ಇದು ಇದ್ದು ಅದು ಇಲ್ಲದಾಗ’ ಎಂದು ಗುಂಡಿಗಳನ್ನು ಗೊತ್ತುಪಡಿಸಲು ಅವಕಾಶವಿದೆ. ಎರಡನೆಯದನ್ನು ಮರೆಯಬೇಡಿ. ಮರೆತರೆ ಜೋಡಿ ಗುಂಡಿ ಒತ್ತಿದಾಗ ಜೋಡಿಯ ಕೆಲಸದ ಜೊತೆಗೆ ಬಿಡಿಬಿಡಿಯಾಗಿ ಎರಡು ಕೆಲಸಗಳೂ ನಡೆದುಬಿಡುತ್ತವೆ. ಆಟವನ್ನು ನೀವೇ ಬರೆಯುತ್ತಿದ್ದರೆ ಇನ್ನೂ ಸುಲಭ: ನಾಲ್ಕು ದಾರಿಗಳನ್ನು ಒಂದು ಸಂಖ್ಯೆಯಾಗಿ ಓದಿ, ಆ ಸಂಖ್ಯೆಗೆ ಯಾವ ಕೆಲಸವೆಂದು ಕೋಷ್ಟಕದಲ್ಲಿ ನೋಡಿಕೊಂಡರಾಯಿತು.

ಯಾವ ಗುಂಡಿಗೆ ಯಾವ ಸಂಕೇತ ಎಂಬುದನ್ನು ತೋಚಿದಂತೆ ಹಂಚಬಾರದು. ಎರಡು ದಾರಿಗಳು ಒಂದೇ ಕ್ಷಣದಲ್ಲಿ ಇಳಿದರೂ ಚಿಪ್ಪು ಒಂದನ್ನು ಮೊದಲು ನೋಡಿ, ಇನ್ನೊಂದನ್ನು ನೋಡುವಷ್ಟರಲ್ಲಿ ವರದಿ ಕಳುಹಿಸುವ ಸಾಧ್ಯತೆ ಇದ್ದೇ ಇದೆ. ಅಪರೂಪಕ್ಕೊಮ್ಮೆ ಜೋಡಿಯ ಅರ್ಧ ಮಾತ್ರ ತಲುಪಬಹುದು. ಆ ಅರ್ಧ ‘ನಿರ್ಗಮನ’ ಆಗಿದ್ದರೆ, ಗೆಲ್ಲುವ ಹಂತದಲ್ಲಿದ್ದವನ ಆಟ ಅಲ್ಲಿಗೇ ಮುಗಿಯಿತು. ಆದ್ದರಿಂದ ಒಂಟಿ ದಾರಿಗಳಿಗೆ ನಿರುಪದ್ರವಿ ಕೆಲಸಗಳನ್ನು ಕೊಡಿ: ಶಬ್ದ ಹೆಚ್ಚು, ಶಬ್ದ ಕಡಿಮೆ, ನಾಣ್ಯ, ಆರಂಭ. ನಿರ್ಗಮನದಂತಹದ್ದನ್ನು ಜೋಡಿಯಲ್ಲಿಡಿ. ಶಬ್ದದ ಎರಡು ಗುಂಡಿಗಳು ಅಕ್ಕಪಕ್ಕದಲ್ಲಿದ್ದು ಬೆರಳು ಎರಡರ ಮೇಲೂ ಬೀಳುವಂತಿದ್ದರೆ, ಆ ಜೋಡಿಯನ್ನು ಬಳಸದೆ ಖಾಲಿ ಬಿಡಿ. ಆರರಲ್ಲಿ ನಾಲ್ಕನ್ನೇ ಬಳಸುತ್ತಿರುವುದರಿಂದ ಬಿಡಲು ಅವಕಾಶವೂ ಇದೆ.

ಬೆಸುಗೆಯೇ ಬೇಡವೆನ್ನುವವರಿಗೆ ‘ಶಿಫ್ಟ್’ ಉಪಾಯವಿದೆ. ಕೀಲಿಮಣೆಯಲ್ಲಿ ಶಿಫ್ಟ್ ಒತ್ತಿಹಿಡಿದು ದೊಡ್ಡಕ್ಷರ ಬರೆಯುವಂತೆ, ಒಂದು ಗುಂಡಿಯನ್ನು ಹಿಡಿದಿದ್ದಾಗ ಉಳಿದವಕ್ಕೆ ಎರಡನೆಯ ಅರ್ಥ ಬರುತ್ತದೆ. ಅಲ್ಟಿಮಾರ್ಕ್ ಕಂಪನಿಯ ‘ಐ-ಪ್ಯಾಕ್’ ಎನ್‌ಕೋಡರಿನಲ್ಲಿ ಮೊದಲ ಆಟಗಾರನ ಆರಂಭದ ಗುಂಡಿಗೇ ಈ ಕೆಲಸವನ್ನು ಕೊಟ್ಟಿದ್ದಾರೆ. ಮನೆಯಲ್ಲಿ ಆಡುವವರಿಗೆ ಇದು ಹೇಳಿ ಮಾಡಿಸಿದ್ದು. ಪ್ರದರ್ಶನಕ್ಕೆ ಬರುವ ಐದನೆಯ ತರಗತಿಯ ಹುಡುಗನಿಗೆ ಮಾತ್ರ ಯಾವುದನ್ನು ಹಿಡಿದು ಯಾವುದನ್ನು ಒತ್ತಬೇಕೆಂದು ದಿನವಿಡೀ ಪಕ್ಕದಲ್ಲಿ ನಿಂತು ಹೇಳಬೇಕಾಗುತ್ತದೆ.

ಒತ್ತದ ಗುಂಡಿ ಬೆಳಗಿದ ಕಥೆ

ಗುಂಡಿಗಳು ಇನ್ನೂ ಹೆಚ್ಚಾದರೆ, ಮೂವತ್ತೋ ನಲವತ್ತೋ ಆದರೆ, ಅವನ್ನು ಅಡ್ಡಸಾಲು ಕಂಬಸಾಲುಗಳ ಚೌಕದಲ್ಲಿ ಕೂರಿಸುತ್ತಾರೆ. ಒಂದೊಂದು ಗುಂಡಿಯೂ ಒಂದು ಅಡ್ಡತಂತಿಗೂ ಒಂದು ಕಂಬತಂತಿಗೂ ನಡುವೆ ಇರುತ್ತದೆ. ಆರು ಅಡ್ಡ, ಆರು ಕಂಬ, ಒಟ್ಟು ಹನ್ನೆರಡು ತಂತಿಗಳಿಗೆ 36 ಗುಂಡಿಗಳು! 1982ರ ‘ಝಡ್‌ಎಕ್ಸ್ ಸ್ಪೆಕ್ಟ್ರಮ್’ ಎಂಬ ಬ್ರಿಟಿಷ್ ಕಂಪ್ಯೂಟರಿನ ನಲವತ್ತು ಕೀಲಿಗಳನ್ನು ಎಂಟು ಮತ್ತು ಐದು, ಒಟ್ಟು ಹದಿಮೂರು ತಂತಿಗಳಲ್ಲಿ ಮುಗಿಸಿದ್ದರು. ಆದರೆ ಇಲ್ಲಿ ಚಿಪ್ಪು ಸುಮ್ಮನೆ ಕೇಳುತ್ತ ಕುಳಿತರೆ ಸಾಲದು. ಒಂದು ಅಡ್ಡತಂತಿಯನ್ನು ಸೊನ್ನೆಗೆ ಇಳಿಸಿ, ಯಾವ ಕಂಬತಂತಿ ಇಳಿಯಿತೆಂದು ನೋಡಿ, ಅದನ್ನು ಬಿಟ್ಟು ಮುಂದಿನ ಅಡ್ಡತಂತಿಗೆ ಹೋಗಬೇಕು. ಸಾಧಾರಣ ಎನ್‌ಕೋಡರಿಗೆ ಈ ವಿದ್ಯೆ ಬಾರದು. ‘ಆರ್ಡುಯಿನೋ ಲಿಯೊನಾರ್ಡೊ’ದಂತಹ, ನಾವೇ ಆದೇಶ ಬರೆದು ತುಂಬಬಹುದಾದ ಬೋರ್ಡು ಬೇಕು. ಅದು ಯುಎಸ್‌ಬಿಯಲ್ಲಿ ಕಂಪ್ಯೂಟರಿಗೆ ಕೀಲಿಮಣೆಯಾಗಿಯೇ ಕಾಣಿಸಿಕೊಳ್ಳಬಲ್ಲದು.

ಇನ್ನು ನನ್ನ ಕಥೆ. ಕೆಲವು ವರ್ಷಗಳ ಹಿಂದೆ ಶಾಲಾಮಕ್ಕಳ ರಸಪ್ರಶ್ನೆಯೊಂದನ್ನು ಚಿತ್ರೀಕರಿಸುತ್ತಿದ್ದೆವು. ಎಂಟು ಮೇಜುಗಳು, ಮೇಜಿಗೊಂದು ಬಜರ್ ಗುಂಡಿ. ಒಂಬತ್ತನೆಯ ಗುಂಡಿ ಪ್ರಶ್ನೆ ಕೇಳುವವರ ಕೈಯಲ್ಲಿ, ದೀಪಗಳನ್ನು ಆರಿಸಲು. ಯಾರು ಮೊದಲು ಒತ್ತಿದರು, ಎರಡನೆಯವರು ಯಾರು, ಮೂರನೆಯವರು ಯಾರು ಎಂದು ಪರದೆಯ ಮೇಲೆ ಕ್ರಮವಾಗಿ ಮೂಡುತ್ತಿತ್ತು. ಮೊದಲಿನವರು ತಪ್ಪು ಹೇಳಿದರೆ ಅವಕಾಶ ಮುಂದಿನವರಿಗೆ. ಬೋರ್ಡಿನಲ್ಲಿ ದಾರಿಗಳು ಸಾಲದೆ ಗುಂಡಿಗಳನ್ನು ಮೂರು ಅಡ್ಡ ಮೂರು ಕಂಬ ಮಾಡಿ ಕೂರಿಸಿದ್ದರು. ಒಂದೊಂದೇ ಒತ್ತಿ ನೋಡಿ ‘ಸರಿಯಿದೆ’ ಎಂದು ಒಪ್ಪಿಗೆ ಕೊಟ್ಟವನು ನಾನೇ.

1   2   3
4   5   6
7   8   9

ಒಂದು ಪ್ರಶ್ನೆಗೆ 2ನೆಯ ಮೇಜು ಮೊದಲು, 5ನೆಯದು ಆಮೇಲೆ ಒತ್ತಿದವು. ಎರಡೂ ತಪ್ಪು ಹೇಳಿದವು. ಪರದೆಯಲ್ಲಿ ಮೂರನೆಯದಾಗಿ ಮೂಡಿದ್ದು 1ನೆಯ ಮೇಜು, ನಾಲ್ಕನೆಯದಾಗಿ 4. ಪ್ರಶ್ನೆ ಕೇಳುವವರು 1ನೆಯ ಮೇಜಿನತ್ತ ತಿರುಗಿದರು. ಅಲ್ಲಿದ್ದ ಹುಡುಗಿ ಎದ್ದು ನಿಂತು, ‘ಸಾರ್, ನಾವು ಒತ್ತಲೇ ಇಲ್ಲ’ ಎಂದಳು. ಉತ್ತರ ಗೊತ್ತಿತ್ತೇ ಎಂದು ಆಮೇಲೆ ಕೇಳಿದಾಗ, ‘ಗೊತ್ತಿತ್ತು ಸಾರ್, ಆದರೆ ಒತ್ತಿರಲಿಲ್ಲ’ ಎಂದಳು.

ಚಿತ್ರೀಕರಣ ನಿಲ್ಲಿಸಿದೆವು. ಏನಾಗಿತ್ತು ನೋಡಿ. 2, 5, 4 ಮೂರೂ ಗುಂಡಿಗಳನ್ನು ಮಕ್ಕಳು ಉತ್ಸಾಹದಿಂದ ಅದುಮಿ ಹಿಡಿದೇ ಇದ್ದರು. ಚಿಪ್ಪು ಮೊದಲ ಅಡ್ಡತಂತಿಯನ್ನು ಸೊನ್ನೆಗೆ ಇಳಿಸಿತು. 2ನೆಯ ಗುಂಡಿಯ ಮೂಲಕ ನಡುವಿನ ಕಂಬತಂತಿ ಇಳಿಯಿತು, ಸರಿಯೇ. ಆ ಕಂಬದಿಂದ 5ನೆಯ ಗುಂಡಿಯ ಮೂಲಕ ಎರಡನೆಯ ಅಡ್ಡತಂತಿಯೂ ಇಳಿಯಿತು. ಅಲ್ಲಿಂದ 4ನೆಯ ಗುಂಡಿಯ ಮೂಲಕ ಮೊದಲ ಕಂಬತಂತಿಯೂ ಇಳಿಯಿತು. ಮೊದಲ ಅಡ್ಡ, ಮೊದಲ ಕಂಬ ಸೇರುವ ಕಡೆ ಇರುವುದು 1ನೆಯ ಗುಂಡಿ. ಅದನ್ನು ಯಾರೂ ಮುಟ್ಟಿಲ್ಲ, ಆದರೆ ಚಿಪ್ಪಿಗೆ ಒತ್ತಿದಂತೆಯೇ ಕಂಡಿತು. ಮೊದಲ ಸಾಲನ್ನು ಮೊದಲು ನೋಡುವುದರಿಂದ ನಿಜವಾಗಿ ಒತ್ತಿದ 4ಕ್ಕಿಂತ ಮುಂಚೆಯೇ 1ರ ಹೆಸರು ಬರೆಯಿತು. ಆಯತದ ಮೂರು ಮೂಲೆಗಳನ್ನು ಒತ್ತಿದರೆ ನಾಲ್ಕನೆಯ ಮೂಲೆ ತಾನಾಗಿ ಒತ್ತಿದಂತಾಗುವ ಈ ದೋಷವನ್ನು ತಂತ್ರಜ್ಞರು ‘ಭೂತ’ ಎನ್ನುತ್ತಾರೆ. ಹೆಸರು ಒಪ್ಪುತ್ತದೆ. ಒಂದೊಂದೇ ಗುಂಡಿ ಒತ್ತಿ ಪರೀಕ್ಷಿಸಿದರೆ, ಎರಡೆರಡು ಒತ್ತಿ ಪರೀಕ್ಷಿಸಿದರೂ, ಅದು ಕಾಣಿಸಿಕೊಳ್ಳುವುದೇ ಇಲ್ಲ.

ಆ ಪ್ರಶ್ನೆಯ ಅವಕಾಶವನ್ನು 4ನೆಯ ಮೇಜಿಗೆ ಕೊಡುವುದು ಸುಲಭವಾಗಿತ್ತು. ಕಷ್ಟವಾದದ್ದು ಅದಕ್ಕೆ ಮುಂಚೆ ಮುಗಿದಿದ್ದ ಸುತ್ತುಗಳ ಮಾತು. ಚಿತ್ರವನ್ನು ಹಿಂದಕ್ಕೆ ಓಡಿಸಿ ಮಕ್ಕಳ ಕೈಗಳನ್ನೇ ನೋಡುತ್ತ ಕುಳಿತೆವು. ಇನ್ನೊಂದು ಕಡೆ, ಕೈ ಅಲುಗಿಸದ ಮೇಜೊಂದಕ್ಕೆ ಅವಕಾಶ ಹೋಗಿ, ಅವರು ಸರಿಯುತ್ತರ ಹೇಳಿ ಅಂಕ ಪಡೆದಿದ್ದರು. ಆ ಮಕ್ಕಳ ತಪ್ಪೇನೂ ಇಲ್ಲ; ಗದ್ದಲದಲ್ಲಿ ಕರೆದಾಗ ಎದ್ದು ಉತ್ತರ ಹೇಳಿದ್ದರು. ಎಂಟೂ ಮೇಜುಗಳಿಗೆ ಆದದ್ದನ್ನು ವಿವರಿಸಿ, ಬದಲಿ ಪ್ರಶ್ನೆ ಕೇಳಿದೆವು. ಆ ಪ್ರಶ್ನೆಗೆ ಬಜರ್ ಇರಲಿಲ್ಲ, ಕಾಗದದಲ್ಲಿ ಬರೆದು ಕೊಡಿ ಎಂದೆವು.

ಮರುದಿನ ಒಂಬತ್ತು ಗುಂಡಿಗಳಿಗೂ ಒಂದೊಂದು ಡಯೋಡ್ ಬಂತು. ಕಂಬದಿಂದ ಅಡ್ಡಕ್ಕೆ ಮಾತ್ರ ವಿದ್ಯುತ್ತು ಹರಿಯುವಂತೆ, ಪಟ್ಟೆಯ ತುದಿ ಅಡ್ಡತಂತಿಯ ಕಡೆಗೆ. ಮೇಲಿನ ಸುತ್ತುದಾರಿಯಲ್ಲಿ 5ನೆಯ ಗುಂಡಿಯನ್ನು ವಿದ್ಯುತ್ತು ಅಡ್ಡದಿಂದ ಕಂಬಕ್ಕೆ, ಎಂದರೆ ತಿರುಗುಮುರುಗಾಗಿ ದಾಟಬೇಕಿತ್ತು. ಡಯೋಡ್ ಇದ್ದ ಮೇಲೆ ಅದು ಸಾಧ್ಯವಿಲ್ಲ. ಒಂಬತ್ತನ್ನೂ ಒಟ್ಟಿಗೆ ಒತ್ತಿದರೂ ಒಂಬತ್ತೂ ನಿಜವನ್ನೇ ಹೇಳುತ್ತವೆ. ಅಗ್ಗದ ಕೀಲಿಮಣೆಗಳಲ್ಲಿ ಈ ಡಯೋಡುಗಳು ಇರುವುದಿಲ್ಲ. ಹಲವು ಕೀಲಿಮಣೆಗಳು ಅದರ ಬದಲು, ಅನುಮಾನ ಬಂದಾಗ ಮೂರನೆಯ ಕೀಲಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಟೈಪು ಮಾಡುವವರಿಗೆ ಇದು ಗೊತ್ತಾಗುವುದೂ ಇಲ್ಲ. ಆದರೆ ಹಳೆಯ ಕೀಲಿಮಣೆಯ ಬೋರ್ಡನ್ನು ಕಿತ್ತು ಅದಕ್ಕೆ ಆಟದ ಗುಂಡಿಗಳನ್ನು ಬೆಸುಗೆ ಹಾಕಿದವರಿಗೆ, ಒತ್ತಿದ ಗುದ್ದು ಎಲ್ಲಿ ಹೋಯಿತೆಂಬ ಒಗಟಾಗಿ ಕಾಡುತ್ತದೆ.

ಒಂದೇ ತಂತಿಯಲ್ಲಿ ಸಾಲಾಗಿ

ಭೂತದ ಕಾಟವೇ ಇಲ್ಲದ, ನನಗೆ ಎಲ್ಲಕ್ಕಿಂತ ಇಷ್ಟವಾದ ಉಪಾಯ ಇನ್ನೊಂದಿದೆ. ನಿಂಟೆಂಡೊ ಕಂಪನಿ 1983ರಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಮನೆಯ ಆಟದ ಯಂತ್ರದ ಕೈಪಿಡಿಕೆಯಲ್ಲಿ, ಅದೇ ಯಂತ್ರ ಅಮೆರಿಕಕ್ಕೆ ಹೋದಾಗಲೂ, ಎಂಟು ಒತ್ತುಗಳನ್ನು ಗುರುತಿಸಬೇಕಿತ್ತು: ನಾಲ್ಕು ದಿಕ್ಕು, ನಾಲ್ಕು ಗುಂಡಿ. ಅಮೆರಿಕದ ಮಾದರಿಯಲ್ಲಿ ಯಂತ್ರಕ್ಕೆ ಹೋಗುತ್ತಿದ್ದ ತಂತಿಗಳು ಐದೇ. ಅವುಗಳಲ್ಲಿ ಎರಡು ವಿದ್ಯುತ್ತಿಗೆ. ಸುದ್ದಿ ಒಯ್ಯುತ್ತಿದ್ದುದು ಒಂದೇ ಒಂದು!

ಪಿಡಿಕೆಯೊಳಗೆ 4021 ಎಂಬ ‘ಶಿಫ್ಟ್ ರಿಜಿಸ್ಟರ್’ ಚಿಪ್ಪಿದೆ. ಮೇಲೆ ಹೇಳಿದ ಶಿಫ್ಟ್ ಗುಂಡಿಗೂ ಇದಕ್ಕೂ ಸಂಬಂಧವಿಲ್ಲ. ಯಂತ್ರವು ಒಂದು ತಂತಿಯಲ್ಲಿ ‘ಹಿಡಿ’ ಎಂದು ಸಂಕೇತ ಕೊಡುತ್ತದೆ. ಚಿಪ್ಪು ಆ ಕ್ಷಣದಲ್ಲಿ ಎಂಟೂ ಒತ್ತುಗಳ ಸ್ಥಿತಿಯನ್ನು ಛಾಯಾಚಿತ್ರ ತೆಗೆದಂತೆ ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಇನ್ನೊಂದು ತಂತಿಯಲ್ಲಿ ‘ಮುಂದೆ, ಮುಂದೆ’ ಎಂಬ ತಟ್ಟುಗಳು ಬರುತ್ತವೆ. ಒಂದೊಂದು ತಟ್ಟಿಗೂ ಒಂದೊಂದು ಗುಂಡಿಯ ಸ್ಥಿತಿ ಮೂರನೆಯ ತಂತಿಯಲ್ಲಿ ಹೊರಬರುತ್ತದೆ. ಹಾಜರಿ ಕರೆದಂತೆ. ಮುಂದೆ ಬಂದ ‘ಸೂಪರ್’ ಯಂತ್ರದಲ್ಲಿ ದಿಕ್ಕುಗಳೂ ಸೇರಿ ಹನ್ನೆರಡು ಒತ್ತುಗಳಾದವು. ತಂತಿಗಳು ಅಷ್ಟೇ, ಹಾಜರಿಯನ್ನು 16ರವರೆಗೆ ಕರೆದರು, ಅಷ್ಟೆ.

ಇದೇ ಕೆಲಸಕ್ಕೆ ಇಂದು 74ಎಚ್‌ಸಿ165 ಎಂಬ ಚಿಪ್ಪು ಸುಲಭವಾಗಿ ಸಿಗುತ್ತದೆ. ಒಂದಕ್ಕೆ ಎಂಟು ಗುಂಡಿಗಳು. ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿದರೆ ಹದಿನಾರು, ಇಪ್ಪತ್ತನಾಲ್ಕು. ಆದೇಶ ಬರೆಯಬಲ್ಲ ಬೋರ್ಡಿನ ಮೂರೇ ದಾರಿಗಳು ಸಾಕು. ಪ್ರತಿ ಗುಂಡಿಗೂ ಚಿಪ್ಪಿನಲ್ಲಿ ತನ್ನದೇ ಕಾಲು ಇರುವುದರಿಂದ ಎಷ್ಟನ್ನು ಒಟ್ಟಿಗೆ ಒತ್ತಿದರೂ ಗೊಂದಲವಿಲ್ಲ. ಆದರೆ ಪ್ರತಿ ಕಾಲಿಗೂ ಮೇಲೆಳೆಯುವ ರೋಧಕವನ್ನು (10 ಕಿಲೋ ಓಮ್ ಸಾಕು) ನೀವೇ ಹಾಕಬೇಕು. ಹಾಕದೆ ಬಿಟ್ಟ ಕಾಲು ಗಾಳಿಯಲ್ಲಿ ತೇಲಾಡುತ್ತ, ಕೈ ಹತ್ತಿರ ತಂದರೂ ‘ಒತ್ತಿದರು’ ಎನ್ನುತ್ತದೆ.

ಹಾಗಾದರೆ ಆ ಮೂವರು ಏನು ಮಾಡಬೇಕು? ಕೈಯಲ್ಲಿ ಹಣವಿದ್ದರೆ ಇನ್ನೊಂದು ಎನ್‌ಕೋಡರ್ ಕೊಂಡು ಕಂಪ್ಯೂಟರಿನ ಇನ್ನೊಂದು ಯುಎಸ್‌ಬಿಗೆ ಸಿಕ್ಕಿಸುವುದು ಎಲ್ಲಕ್ಕಿಂತ ಸರಳ. ಕಿಕ್ ಹಾರ್ನೆಸ್ಸಿನ ದಾರಿ ಅದು. ನಾಚಿಕೆ ಪಡಬೇಕಾದದ್ದೇನೂ ಇಲ್ಲ. ಇರುವ ಬೋರ್ಡಿನಲ್ಲೇ ಮುಗಿಸಬೇಕೆಂದಿದ್ದರೆ ಎಂಟು ಡಯೋಡುಗಳ ಉಪಾಯ. ನಾನಾಗಿದ್ದರೆ ಎರಡನೆಯದನ್ನೇ ಮಾಡುತ್ತಿದ್ದೆ. ಪ್ರದರ್ಶನಕ್ಕೆ ಬಂದವರಿಗೆ ಪೆಟ್ಟಿಗೆಯ ಹಿಂಬಾಗಿಲು ತೆರೆದು ದ್ವಿಮಾನ ಪದ್ಧತಿಯನ್ನು ತೋರಿಸಬಹುದಲ್ಲ!

ಜೋಡಿಸಿದ ಮೇಲೆ ಪರೀಕ್ಷೆ ಹೀಗಿರಲಿ. ಮೊದಲು ಒಂದೊಂದೇ ಗುಂಡಿ. ಆಮೇಲೆ ನಿಯಂತ್ರಣದ ಎಂಟರಲ್ಲಿ ಎರಡೆರಡನ್ನು ಒಟ್ಟಿಗೆ ಒತ್ತಿ, ಏನು ಓದಿಕೊಂಡಿತೆಂದು ಬರೆದಿಡಿ. ಒಟ್ಟು 28 ಜೋಡಿಗಳು, ಅರ್ಧ ಗಂಟೆಯ ಕೆಲಸ. ‘ನಿರ್ಗಮನ’ ಎಲ್ಲಿಯಾದರೂ ತಪ್ಪಾಗಿ ಬಂದರೆ ಸಂಕೇತಗಳನ್ನು ಅದಲುಬದಲು ಮಾಡಿ. ಕೊನೆಗೆ ಇಬ್ಬರು ಸೇರಿ ಆಟದ ಎಂಟು ಗುಂಡಿಗಳಲ್ಲಿ ಮೂರು, ನಾಲ್ಕು, ಐದನ್ನು ಅದುಮಿ ಹಿಡಿದಿರುವಾಗ ಮೂರನೆಯವರು ಉಳಿದವನ್ನು ಒಂದೊಂದಾಗಿ ಒತ್ತಿ ನೋಡಲಿ. ಒತ್ತಿದ್ದು ಕಾಣಬೇಕು, ಒತ್ತದ್ದು ಕಾಣಬಾರದು. ಪೆಟ್ಟಿಗೆಯ ಹಲಗೆಗೆ ಸ್ಕ್ರೂ ಹಾಕುವುದು ಅದಾದ ಮೇಲೆ.